ಕುದುರೆಯ ಬೆಲೆ, ಪಣದ ದರ

ಕಚೇರಿ ಮುಗಿಸಿ ಡೊಂಬಿವಲಿಗೋ ಕಲ್ಯಾಣಕ್ಕೋ ಮರಳುವವರ ಮುಂಬಯಿ ಲೋಕಲ್ ರೈಲು ಠಾಣೆಯನ್ನು ಬಿಟ್ಟು ಕಳವಾ ನಿಲ್ದಾಣದ ಕಡೆಗೆ ಕಡಲಿನ ಖಾಡಿಯನ್ನು ದಾಟುವಾಗ, ಬಾಗಿಲಿನ ಕಂಬಿ ಹಿಡಿದು ನಿಂತ ನಮ್ಮ ಕನ್ನಡಿಗನಿಗೆ ಕೆಳಗೆ ತೋರುವುದು ಕೆಸರುನೀರೂ ಕಾಂಡ್ಲಾ ಗಿಡಗಳೂ ಮಾತ್ರವಾದರೂ, ಏಳುನೂರು ವರ್ಷಗಳ ಹಿಂದೆ ಠಾಣೆಯು ಕುದುರೆ ಹೇರಿದ ಹಡಗುಗಳು ಹಾಯುವ ದಾರಿಯಲ್ಲಿನ ದೊಡ್ಡ ಬಂದರಾಗಿದ್ದಿತು. 13ನೆಯ ಶತಮಾನದ ಅಂತ್ಯದಲ್ಲಿ ಈ ಊರಿನ ಸಂಗತಿಯನ್ನು ತಿಳಿಸಿದ ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೋ, ಇಲ್ಲಿಯ ಅರಸನು ಕಡಲ್ಗಳ್ಳರೊಡನೆ ಒಡಂಬಡಿಕೆ ಮಾಡಿಕೊಂಡಿದ್ದನೆಂದೂ, ಸೂರೆಯಾದ ಹಡಗಿನ ಕುದುರೆಗಳೆಲ್ಲ ಅರಸನಿಗೆ, ಉಳಿದ ಸರಕೆಲ್ಲ ಕಳ್ಳರಿಗೆ ಎಂಬುದೇ ಅದರ ಕರಾರೆಂದೂ ಹೇಳುತ್ತಾನೆ.

ಇಂತಹ ಕಡಲನ್ನು ದಾಟಿಸಿ ತಂದ ಕುದುರೆಯ ಬೆಲೆಯಲ್ಲಿ ಅದರ ಅಂಗಲಕ್ಷಣದ ಬೆಲೆಯಷ್ಟೇ ಅಲ್ಲದೆ, ದಾರಿಯಲ್ಲಿ ಅದು ಸಾಯಬಹುದಾಗಿದ್ದ ಭಯದ ಬೆಲೆಯೂ ಸೇರಿರುತ್ತಿದ್ದಿತು. ವಿಜಯನಗರದ ಅರಸ ಸಾಳುವ ನರಸಿಂಹನು ವರ್ತಕರ ಈ ಭಯವನ್ನು ತಾನೇ ಹೊತ್ತುಕೊಂಡು, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅನಿಶ್ಚಿತವಾದುದಕ್ಕೆ ಬೆಲೆ ಕಟ್ಟುವುದು, ಆ ನಷ್ಟವನ್ನು ಹೊರುವವರು ಯಾರೆಂಬುದನ್ನು ಮೊದಲೇ ನಿಶ್ಚಯಿಸುವುದು: ರೇಸಿನ ಮಾತಿನಲ್ಲಿ 'ಆಡ್ಸ್' ಎನ್ನಿಸಿಕೊಳ್ಳುವ ಪಣದ ದರದ ತತ್ತ್ವವೂ ಇದೇ.

ಆ ರೇಸು ಮುಂಬಯಿಗೆ ಹೊಸದಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಪ್ರಯಾಣಿಕರ ಮೊದಲ ರೈಲು ಬೈಕಲಾವನ್ನು ಹಾದು ಠಾಣೆಗೆ ಬಂದು ಸೇರಿದಾಗ, ಬೈಕಲಾದ ಬಯಲಿನ ಕುದುರೆಯೋಟವು ಆಗಲೇ ಮುಂಬಯಿಯ ಹಳೆಯ ವಿನೋದವಾಗಿದ್ದಿತು. 1883ರಲ್ಲಿ ಓಟದ ಮೈದಾನವು ಮಹಾಲಕ್ಷ್ಮಿಯಲ್ಲಿ ನೆಲೆಗೊಂಡಿತು. 1912ರ ಕಾಯಿದೆಯೊಂದು ರೇಸ್ ಕೋರ್ಸುಗಳನ್ನು ಪರವಾನಗಿಯ ಅಂಕೆಗೆ ಒಳಪಡಿಸಿತು. 1943ರಲ್ಲಿ 'ಇಂಡಿಯನ್ ಡರ್ಬಿ' ಎಂಬ ಕುದುರೆಯೋಟವು ಮೊದಲ ಬಾರಿ ನಡೆಯಿತು.

ರೇಸಿನ ಮೈದಾನಕ್ಕೆ ಮೊದಲ ಬಾರಿ ಹೋದವನನ್ನು ಕಂಗೆಡಿಸುವುದು ಕುದುರೆಗಳ ವೇಗವಲ್ಲ, ಹಲಗೆಯ ಮೇಲಣ ಅಂಕೆಗಳು. ದರ ಕಟ್ಟಿ ಜನರ ಪಣವನ್ನು ಸ್ವೀಕರಿಸುವ ಬುಕ್ಕಿಯ ಹಲಗೆಯಲ್ಲಿ ಒಂದು ಕುದುರೆಯ ಹೆಸರಿನೆದುರಿಗೆ 4–1 ಎಂದಿದ್ದರೆ, ಅದು ಗೆದ್ದಾಗ ಒಂದು ರೂಪಾಯಿಗೆ ನಾಲ್ಕು ರೂಪಾಯಿ ಲಾಭವೂ ಕಟ್ಟಿದ ರೂಪಾಯಿಯೂ ಕೈಸೇರುವುವೆಂದರ್ಥ. ಎರಡು ಅಂಕೆಗಳನ್ನು ಕೂಡಿಸಿದರೆ 5 ಆಗುವುದರಿಂದ, ಗೆಲುವಿನ ಸಂಭವವು ಐದರಲ್ಲೊಂದು, ಎಂದರೆ ನೂರಕ್ಕೆ 20 ಎಂದು ಆ ದರವು ಹೇಳುತ್ತದೆ. ನಾಲ್ಕೇ ಕುದುರೆಗಳ ಓಟವೊಂದನ್ನು ಊಹಿಸಿಕೊಳ್ಳೋಣ. ಎಲ್ಲರೂ ನೆಚ್ಚಿದ 'ಫೇವರಿಟ್' ಕುದುರೆಗೆ 1–1, ಎರಡನೆಯದಕ್ಕೆ 2–1, ಮೂರನೆಯದಕ್ಕೆ 4–1, ನಾಲ್ಕನೆಯದಕ್ಕೆ 9–1 ಎಂದು ದರಗಳಿದ್ದರೆ, ಅವು ಸೂಚಿಸುವ ಸಂಭವಗಳು ಕ್ರಮವಾಗಿ ನೂರಕ್ಕೆ 50, ಸುಮಾರು 33, 20, 10, ಮೊತ್ತ ಸುಮಾರು 113. ಗೆಲ್ಲುವುದು ಒಂದೇ ಕುದುರೆಯಾದುದರಿಂದ ಈ ಮೊತ್ತವು ನ್ಯಾಯವಾಗಿ 100 ಆಗಿರಬೇಕಾಗಿದ್ದಿತು. ಜನರು ಇದೇ ಪ್ರಮಾಣದಲ್ಲಿ ಪಣ ಕಟ್ಟಿದರೆ ಬುಕ್ಕಿಯು 113 ರೂಪಾಯಿ ಕೂಡಿಹಾಕಿ, ಯಾವ ಕುದುರೆ ಗೆದ್ದರೂ ಸುಮಾರು 100ನ್ನು ಕೊಟ್ಟು, ಮಿಕ್ಕ 13ನ್ನು ತನ್ನದಾಗಿಸಿಕೊಳ್ಳುತ್ತಾನೆ.

ಪಣ ಕಟ್ಟುವ ಇನ್ನೊಂದು ಬಗೆಯೂ ಉಂಟು. 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಜೋಸೆಫ್ ಓಲರ್ ರೂಪಿಸಿದ ಪದ್ಧತಿಯಿಂದ ಬೆಳೆದುಬಂದ 'ಟೋಟ್'ನಲ್ಲಿ ದರ ಕಟ್ಟುವ ಬುಕ್ಕಿಯೇ ಇಲ್ಲ. ಎಲ್ಲರ ಹಣವೂ ಒಂದೇ ರಾಶಿಗೆ ಬಿದ್ದು, ಸರಕಾರದ ಮತ್ತು ಕ್ಲಬ್ಬಿನ ಪಾಲನ್ನು ಕಳೆದು ಉಳಿದುದು ಗೆದ್ದವರಲ್ಲಿ ಹಂಚಿಹೋಗುತ್ತದೆ. ಆದುದರಿಂದ ಪಣದ ಕಿಟಕಿ ಮುಚ್ಚುವವರೆಗೆ ಕೊನೆಯ ದರವು ಯಾರಿಗೂ ತಿಳಿಯದು. ಅಂತೂ ಹಲಗೆಯ ಅಂಕೆಯು ಕುದುರೆಯ ಬಲವನ್ನು ಹೇಳುವುದಲ್ಲ, ಅದರ ಬಲವನ್ನು ಕುರಿತ ಜನಾಭಿಪ್ರಾಯವನ್ನು ಹೇಳುವುದು. ಅದೂ ನಡೆಸುವವರ ಪಾಲು ಕಳೆದ ಮೇಲೆ.

1996ರಲ್ಲಿ ಸುಪ್ರೀಂ ಕೋರ್ಟು ಕುದುರೆಯೋಟವು ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಪಿತ್ತಿತು. ಕುದುರೆಯ ವಂಶವನ್ನೂ, ಹೊರುವ ಭಾರವನ್ನೂ, ಸವಾರನಾದ ಜಾಕಿಯ ಕೈಚಳಕವನ್ನೂ ಅಳೆಯುವುದು ಕೌಶಲವೇ ಸರಿ. ಆದರೆ ಆ 13ರ ಭಾರವನ್ನು ಮೀರುವಷ್ಟು ಕೌಶಲವುಳ್ಳವರು ವಿರಳ. ಸತ್ತ ಕುದುರೆಯ ಬಾಲಕ್ಕೂ ಬೆಲೆ ಕೊಡುವ ಅರಸನು ಇಂದಿಲ್ಲ. ಸೋತ ಕುದುರೆಯ ಚೀಟಿಯ ನಷ್ಟವನ್ನು ಅದನ್ನು ಕೊಂಡವನೇ ಹೊರಬೇಕು. ಆದಕಾರಣ ಹೊಸಬರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಕುದುರೆಯನ್ನು ಆರಿಸುವ ಮುನ್ನ ಹಲಗೆಯ ಸಂಭವಗಳನ್ನೆಲ್ಲ ಒಮ್ಮೆ ಕೂಡಿಸಿ ನೋಡಿರಿ, ಮೊತ್ತವು ನೂರನ್ನು ಎಷ್ಟು ಮೀರಿದೆಯೆಂಬುದನ್ನು ಕಂಡುಕೊಳ್ಳಿರಿ, ಮೀರಿದಷ್ಟೂ ಹೋಗುವುದು ನಿಮ್ಮ ಮನೆಯ ಹಣದಿಂದಲೇ.