ಊರಿನ ಸಾಲ, ಬಡ್ಡಿಯ ತೆರಿಗೆ

ಬೆಂಗಳೂರಿನ ಪೂರ್ವಭಾಗದ ಜೀವನ್ ಬಿಮಾ ನಗರಕ್ಕೆ ಆ ಹೆಸರು ಬಂದುದು ಜೀವ ವಿಮಾ ನಿಗಮದಿಂದ. ಮನೆಮನೆಯ ಸಣ್ಣ ಉಳಿತಾಯ ಒಟ್ಟುಗೂಡಿದರೆ ಎಂತಹ ಬಲವಾದೀತೆಂಬುದನ್ನು ಆ ಹೆಸರು ನೆನಪಿಗೆ ತರುತ್ತದೆ. ರಸ್ತೆ, ಚರಂಡಿ, ನೀರಿನ ಕೊಳವೆಗಳಿಗಾಗಿ ಪುರಸಭೆಗಳೂ ಇಂತಹ ಉಳಿತಾಯವನ್ನು ಸಾಲವಾಗಿ ಪಡೆಯಬಹುದು. ಅದಕ್ಕೆ ಬರೆದುಕೊಡುವ ಪತ್ರವೇ ಪುರಸಭೆಯ ಬಾಂಡು.

ಹಿಂದೆ ಊರಬಾಗಿಲಲ್ಲಿ ಸರಕಿನ ಮೇಲೆ ಎತ್ತುತ್ತಿದ್ದ ಆಕ್ಟ್ರಾಯ್ ಸುಂಕ ಪುರಸಭೆಗಳ ದೊಡ್ಡ ಆದಾಯವಾಗಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಆ ಪಾಡು ಕರ್ನಾಟಕದಲ್ಲಿ 1979ರಲ್ಲಿ ತಪ್ಪಿತು. ಅದರೊಡನೆ ಊರಿನ ಸ್ವಂತ ಗಳಿಕೆಯ ಒಂದು ದಾರಿಯೂ ಮುಚ್ಚಿತು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಗಳ ಬಾಂಡುಗಳನ್ನು ಹೊರಡಿಸಿತು. ಹೊಸ ಬಗೆಯ ಪುರಸಭಾ ಬಾಂಡುಗಳಲ್ಲಿ ದೇಶಕ್ಕೆಲ್ಲ ಇದೇ ಮೊದಲನೆಯದು. ಇದಕ್ಕೆ ರಾಜ್ಯ ಸರ್ಕಾರ ಜಾಮೀನು ನಿಂತಿತು.

ಜಾಮೀನಿಗೆ ಬದಲಾಗಿ ಬಡ್ಡಿಯ ಮೇಲಿನ ತೆರಿಗೆಯನ್ನೇ ರಾಜ್ಯ ಬಿಟ್ಟುಕೊಡಬಹುದಿತ್ತಲ್ಲ ಎಂದು ಕೇಳಬಹುದು. ಅಮೆರಿಕದ ಕೆಂಟಕಿ ರಾಜ್ಯ ಮಾಡಿದ್ದು ಅದನ್ನೇ. ತನ್ನ ಮತ್ತು ತನ್ನ ಊರುಗಳ ಬಾಂಡಿನ ಬಡ್ಡಿಗೆ ವಿನಾಯಿತಿ. ಹೊರರಾಜ್ಯಗಳ ಬಾಂಡಿನ ಬಡ್ಡಿಗೆ ತೆರಿಗೆ. ರಾಜ್ಯರಾಜ್ಯಗಳ ನಡುವಣ ವಾಣಿಜ್ಯಕ್ಕೆ ಇದು ಅಡ್ಡಗೋಡೆ ಎಂಬ ವಾದ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2008ರಲ್ಲಿ ಏಳು ನ್ಯಾಯಾಧೀಶರು ಕೆಂಟಕಿಯ ಪರ, ಇಬ್ಬರು ವಿರುದ್ಧ ತೀರ್ಪಿತ್ತರು. ಜನೋಪಯೋಗಿ ಕೆಲಸಕ್ಕೆ ಹಣ ಕೂಡಿಸುವುದು ಸರ್ಕಾರದ ಕರ್ತವ್ಯ, ಖಾಸಗಿ ವ್ಯಾಪಾರಿಗೆ ತೋರುವ ಪಕ್ಷಪಾತವಲ್ಲ ಎಂಬುದು ಬಹುಮತದ ನಿಲುವು.

ನಮ್ಮಲ್ಲಿ ಆ ಜಗಳಕ್ಕೆ ಎಡೆಯೇ ಇಲ್ಲ. ಕೃಷಿಯದಲ್ಲದ ಆದಾಯದ ಮೇಲಿನ ತೆರಿಗೆಯನ್ನು 1950ರ ಸಂವಿಧಾನ ಕೇಂದ್ರಕ್ಕೇ ವಹಿಸಿತು. ಬೆಂಗಳೂರಿನ ಬಾಂಡನ್ನು ಕಾಸರಗೋಡಿನವರು ಕೊಂಡರೂ ಬಡ್ಡಿಗೆ ಕಾಯಿದೆ ಒಂದೇ. ಸರಕಿನ ವಿಷಯದಲ್ಲೂ ಹೊರಗಿನದಕ್ಕೆ ಒಂದು, ಒಳಗಿನದಕ್ಕೆ ಒಂದು ತೆರಿಗೆ ಹಾಕುವಂತಿಲ್ಲವೆಂದು 304ನೆಯ ಅನುಚ್ಛೇದ ಕಟ್ಟುಮಾಡಿದೆ.

ಆದರೆ ಈ ಏಕರೂಪತೆಗೆ ಬೆಲೆಯೂ ಉಂಟು. ತನ್ನ ಊರಿಗೆ ನೆರವಾಗಲು ರಾಜ್ಯದ ಕೈಯಲ್ಲಿ ತೆರಿಗೆಯ ವಿನಾಯಿತಿ ಇಲ್ಲ. ಅದನ್ನು ಕೊಡಬೇಕಾದುದು ದೆಹಲಿ. 2000ದ ಹಣಕಾಸು ಶಾಸನ ಅದಕ್ಕೆ ದಾರಿ ತೆರೆಯಿತು. 1998ರಲ್ಲೇ ಜಾಮೀನಿಲ್ಲದೆ 100 ಕೋಟಿ ಎತ್ತಿದ್ದ ಅಹಮದಾಬಾದು, 2002ರಲ್ಲಿ ತೆರಿಗೆರಹಿತ ಬಾಂಡುಗಳನ್ನು ಹೊರಡಿಸಿತು.

ಜಾಮೀನು ಕೊಡುವಾಗ ಬೊಕ್ಕಸದಿಂದ ಕಾಸು ಕದಲುವುದಿಲ್ಲ. ಆದರೆ ಪಾಲಿಕೆ ಸಾಲ ತೀರಿಸದಿದ್ದರೆ ಬೆಂಗಳೂರಿನ ಚರಂಡಿಯ ಹೊರೆ ಬೀದರಿನ ಅಂಗಡಿಯವನ ಮೇಲೂ ಬಿದ್ದೀತು. ಆದುದರಿಂದ ಊರಿನ ಸಾಲಕ್ಕೆ ಗಟ್ಟಿಯಾದ ಆಧಾರ ಊರಿನವರು ತಪ್ಪದೆ ಸಲ್ಲಿಸುವ ಮನೆ ಕಂದಾಯವೇ.