ಚಂದ್ರನಿಗೆ ಹೋದವಳು, ಅವಳನ್ನು ಬರೆದವಳು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ಮನೆಗಳನ್ನು ಎಣಿಸಿದರೆ ನಾಲ್ಕು ಸಿಕ್ಕಾವು. ಅಂಥ ಮನೆಯೊಂದರಲ್ಲಿ ಕೂತು, ಅಕ್ಕಪಕ್ಕದ ಮಗ್ಗಗಳ ಲಟಪಟವನ್ನೇ ಹಿನ್ನೆಲೆ ಸಂಗೀತ ಮಾಡಿಕೊಂಡು ನಾನು ‘ಮೆಟ್ರೊಪೊಲಿಸ್’ ಎಂಬ ಜರ್ಮನ್ ಮೂಕಿಚಿತ್ರ ನೋಡಿದೆ. 1927ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡದ್ದು. ಮುಂದೆಂದೋ ಬರಲಿರುವ ಒಂದು ಮಹಾನಗರದ ಕಥೆ. ಮೇಲೆ ಧಣಿಗಳು, ನೆಲದಡಿ ಯಂತ್ರಗಳ ಜೊತೆ ಕೂಲಿಗಳು. ಪಾಳಿ ಬದಲಾಗುವ ದೃಶ್ಯ ಬಂತು. ತಲೆ ತಗ್ಗಿಸಿ ಸಾಲುಸಾಲಾಗಿ ನಡೆಯುವ ಆ ಕೂಲಿಗಳಲ್ಲಿ ಹುಡುಕಿದ್ದೇ ಹುಡುಕಿದ್ದು, ಒಬ್ಬ ಹೆಂಗಸೂ ಕಾಣಲಿಲ್ಲ.

ನಮ್ಮೂರಿನಲ್ಲಿ ಕಂಡಿಕೆ ಸುತ್ತುವವರು ಯಾರು? ಎಳೆ ಕಡಿದರೆ ಓಡಿಹೋಗಿ ಗಂಟು ಹಾಕುವವರು ಯಾರು? ಒಂದು ಕಣ್ಣನ್ನು ಮಗ್ಗದ ಮೇಲೂ ಇನ್ನೊಂದನ್ನು ಒಲೆಯ ಮೇಲಿನ ಹಾಲಿನ ಮೇಲೂ ಇಟ್ಟವರು ಯಾರು? ಆ ಚಿತ್ರದಲ್ಲಿ ಹೆಂಗಸರು ಗುಂಪಾಗಿ ಬರುವುದು ಯಂತ್ರ ಒಡೆಯುವ ದೊಂಬಿಯಲ್ಲಿ, ಅದೂ ಮಕ್ಕಳನ್ನು ಮರೆತು! ನಿಮ್ಮ ಮಕ್ಕಳೆಲ್ಲಿ ಎಂದು ಮೇಸ್ತ್ರಿ ಕೂಗಿದ ಮೇಲೆ ಗೋಳಾಡುತ್ತಾರೆ.

ಉಳಿದಂತೆ ಹೆಣ್ಣೆಂದರೆ ಇಬ್ಬರು ಮರಿಯಾ. ಒಬ್ಬಳು ಸಂತಳಂಥವಳು. ಇನ್ನೊಬ್ಬಳು ಅವಳದೇ ಮುಖ ಹೊತ್ತ ಯಂತ್ರ. ಬೆತ್ತಲೆ ಕುಣಿದು ಊರಿಗೆ ಬೆಂಕಿ ಹಚ್ಚುವವಳು. ಎರಡೂ ಪಾತ್ರ ಬ್ರಿಗಿಟ್ ಹೆಲ್ಮ್ ಎಂಬ ಹುಡುಗಿಯದು. ಚಿತ್ರೀಕರಣ ಶುರುವಾದಾಗ ಅವಳಿಗೆ 19 ವರ್ಷ. ಲೋಹದಂತೆ ಕಾಣುವ ಗಟ್ಟಿ ಕವಚದೊಳಗೆ ನಿಂತು ಮೈ ತರಚಿಸಿಕೊಂಡಳು. ಯಂತ್ರ ಕುಣಿಯುವ ಕ್ಲಬ್ಬಿಗೆ ಇಟ್ಟ ಹೆಸರು ‘ಯೋಶಿವಾರ’. ಅದು ಟೋಕಿಯೊದ ಸೂಳೆಗೇರಿಯ ಹೆಸರು. ಕೆಟ್ಟದ್ದಕ್ಕೆ ಪೂರ್ವದೇಶದ ಹೆಸರೇ ಬೇಕು ನೋಡಿ.

ನಮ್ಮ ಕಡೆಯೂ ಇದಕ್ಕೆ ತಂಗಿಯಂಥ ಚಿತ್ರವೊಂದಿದೆ. 1963ರ ತಮಿಳು ‘ಕಲೈ ಅರಸಿ’. ಬೇರೆ ಗ್ರಹದವರು ಭೂಮಿಗೆ ಬಂದು ಹೊತ್ತೊಯ್ಯುವುದು ಚಿನ್ನವನ್ನಲ್ಲ, ಹಾಡುಗಾರ್ತಿಯೊಬ್ಬಳನ್ನು; ತಮ್ಮವರಿಗೆ ಸಂಗೀತ ಕಲಿಸಲಿ ಎಂದು. ಬಿಡಿಸಿ ತರಲು ಎಂ.ಜಿ.ಆರ್. ಹೋಗಬೇಕು. ಹಾಡುಗಾರ್ತಿಯಾದವರು ಭಾನುಮತಿ. ಅದಕ್ಕೆ ಹತ್ತು ವರ್ಷ ಮೊದಲೇ, 1953ರಲ್ಲಿ, ‘ಚಂಡೀರಾಣಿ’ಯನ್ನು ಮೂರು ಭಾಷೆಗಳಲ್ಲಿ ನಿರ್ದೇಶಿಸಿದ್ದ ಗಟ್ಟಿಗಿತ್ತಿ ಆಕೆ. ತೆರೆಯ ಮೇಲೆ ಮಾತ್ರ ಯಾರೋ ಬಂದು ಬಿಡಿಸಬೇಕು!

ಇದೆಲ್ಲ ಗಂಡಸರ ಕಲ್ಪನೆ ಎಂದು ಬೈದು ಏಳಬಹುದಿತ್ತು. ಆದರೆ ‘ಮೆಟ್ರೊಪೊಲಿಸ್’ ಬರೆದವಳು ಹೆಣ್ಣು. ಥಿಯಾ ಫಾನ್ ಹಾರ್ಬೋ, ನಿರ್ದೇಶಕ ಫ್ರಿಟ್ಸ್ ಲಾಂಗನ ಹೆಂಡತಿ. ಎರಡೇ ವರ್ಷದಲ್ಲಿ, 1929ರಲ್ಲಿ, ಇದೇ ದಂಪತಿ ‘ಚಂದ್ರನಲ್ಲಿ ಹೆಣ್ಣು’ ಎಂಬ ಚಿತ್ರ ಮಾಡಿದರು. ಉಡಾವಣೆಗೆ ಮುನ್ನ ಹಿಂದುಹಿಂದಕ್ಕೆ ಎಣಿಸುವುದು ಜನಕ್ಕೆ ಪರಿಚಯವಾದದ್ದು ಈ ಚಿತ್ರದಿಂದ. ಶ್ರೀಹರಿಕೋಟದಿಂದ ರಾಕೆಟ್ ಹಾರುವುದನ್ನು ಟಿವಿಯಲ್ಲಿ ನೋಡುವಾಗ ನನಗೆ ಈಗ ಥಿಯಾ ನೆನಪಾಗುತ್ತಾಳೆ. ಅಲ್ಲಿ ಫ್ರೀಡೆ ಎಂಬ ಖಗೋಳಶಾಸ್ತ್ರದ ವಿದ್ಯಾರ್ಥಿನಿ ಹಟ ಹಿಡಿದು ರಾಕೆಟ್ ಏರುತ್ತಾಳೆ. ಆರು ಜನರಲ್ಲಿ ಅವಳೊಬ್ಬಳೇ ಹೆಣ್ಣು. ಕಾಫಿ ಕಾಸುವುದಕ್ಕಲ್ಲ, ಚಂದ್ರನ ನೆಲವನ್ನು ಕ್ಯಾಮೆರಾದಲ್ಲಿ ಹಿಡಿಯುವುದಕ್ಕೆ. ಉಸಿರಾಡುವ ಗಾಳಿ ಎಲ್ಲರಿಗೂ ಸಾಲದಾದಾಗ ಮದುವೆ ನಿಶ್ಚಯವಾದವನು ಹೆದರಿ ಕುಸಿಯುತ್ತಾನೆ. ಇವಳು ಧೈರ್ಯವಾಗಿ ಹಿಂದೆ ಉಳಿಯುತ್ತಾಳೆ. ಅದೂ ಪ್ರೀತಿಸಿದವನ ಸಲುವಾಗಿ, ಹೌದು. ಆದರೂ ಯಂತ್ರದ ಮರಿಯಾಳಿಂದ ಇವಳವರೆಗೆ ಬಂದ ದಾರಿ ಸಣ್ಣದಲ್ಲ.

ಈ ಥಿಯಾಳಿಗೂ ನಮ್ಮ ಬೆಳಗಾವಿಗೂ ನಂಟಿದೆ. 1933ರಲ್ಲಿ ಲಾಂಗನಿಂದ ವಿಚ್ಛೇದನವಾಯಿತು. ಆಕೆ ಮೆಚ್ಚಿದ್ದು ತನಗಿಂತ 17 ವರ್ಷ ಚಿಕ್ಕವರಾದ, ಬೆಳಗಾವಿ ಹತ್ತಿರದ ಬೆಳಗುಂದಿಯ ಆಯಿ ತೆಂಡೂಲ್ಕರರನ್ನು. ಓದಲು ಹೋಗಿ ಬರ್ಲಿನ್ನಿನಲ್ಲಿ ಪತ್ರಕರ್ತರಾಗಿದ್ದವರು. ಹೆಸರಾಂತ ಜರ್ಮನ್ ಹೆಂಗಸು ಕಪ್ಪು ಮೈಬಣ್ಣದವರನ್ನು ಮದುವೆಯಾಗುವುದನ್ನು ಹಿಟ್ಲರನ ಸರಕಾರ ಒಪ್ಪುವಂತಿರಲಿಲ್ಲ, ಗುಟ್ಟಾಗಿಯೇ ಆದರು. ಯುದ್ಧಕ್ಕೆ ಮುನ್ನ ತೆಂಡೂಲ್ಕರರು ಊರಿಗೆ ಮರಳಿದರು. ಮುಂದೆ ಇಂದುಮತಿ ಗುಣಾಜಿಯವರನ್ನು ಮದುವೆಯಾಗಲು ಹೊರಟಾಗ ಐದು ವರ್ಷ ದೂರವಿರಿ ಎಂದು ಗಾಂಧೀಜಿ ಷರತ್ತು ಹಾಕಿದರು. ಕಾದರು; 1945ರಲ್ಲಿ ಸೇವಾಗ್ರಾಮದಲ್ಲಿ ಮದುವೆಯಾಯಿತು. ಇವರ ಮಗಳು ಲಕ್ಷ್ಮೀ ತೆಂಡೂಲ್ಕರ್ ಧೌಲ್ ಈ ಮೂವರ ಬದುಕನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದ್ದಾರೆ. ತಂದೆಯ ಮೊದಲಿನ ಹೆಂಡತಿಯ ಕಥೆಯನ್ನು ಮಗಳೇ ಬರೆಯುವುದು ಎಷ್ಟು ಮನೆಗಳಲ್ಲಿ ಸಾಧ್ಯ?

ಆದರೆ ಭಾರತದವರನ್ನು ಕೈಹಿಡಿದ ಇದೇ ಥಿಯಾ, ಅದಕ್ಕೂ ಬಹಳ ಮೊದಲು, 1918ರಲ್ಲಿ ‘ಭಾರತದ ಸಮಾಧಿ’ ಎಂಬ ಕಾದಂಬರಿ ಬರೆದಿದ್ದಳು. 1921ರಲ್ಲಿ ಅದು ಸಿನಿಮಾ ಆಯಿತು. ಅಲ್ಲಿ ನಮ್ಮ ದೇಶವೆಂದರೆ ಹುಲಿ, ಹಾವು, ಮಂತ್ರದ ಯೋಗಿ, ಸೇಡಿನ ಮಹಾರಾಜ. ಆ ಮಹಾರಾಜನೂ ಬಣ್ಣ ಬಳಿದುಕೊಂಡ ಜರ್ಮನ್ ನಟನೇ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಟ್ಟರೆ ಅನ್ಯಾಯ. ಥಿಯಾ ನಾಜಿ ಪಕ್ಷ ಸೇರಿದ್ದಳು, ಅವರ ಕಾಲದ ಸಿನಿಮಾಗಳಿಗೆ ಬರೆದಳು. ಲಾಂಗನ ತಾಯಿ ಯಹೂದಿ ಮನೆತನದಲ್ಲಿ ಹುಟ್ಟಿದವಳು. ಅವನು ದೇಶ ಬಿಟ್ಟ, ಇವಳು ಉಳಿದಳು. ಜರ್ಮನಿಯಲ್ಲಿದ್ದ ಭಾರತೀಯರಿಗೆ ನೆರವಾಗಲೆಂದು ಪಕ್ಷ ಸೇರಿದೆ ಎಂದು ಆಮೇಲೆ ಹೇಳಿಕೊಂಡಳು. ಭಾರತೀಯರಿಗೆ ನೆರವಾದದ್ದು ಸುಳ್ಳಲ್ಲ. ಆದರೆ ನೆರೆಮನೆಯ ಯಹೂದಿಗಳನ್ನು ಎಳೆದೊಯ್ಯುವಾಗ ಆ ಸದಸ್ಯತ್ವದ ಅರ್ಥವೇನೆಂದು ಆಕೆಗೆ ತಿಳಿಯಲಿಲ್ಲವೆಂದರೆ ನಾನು ಒಪ್ಪಲಾರೆ. ರಾಕೆಟ್ಟಿನಲ್ಲಿ ಹೆಣ್ಣಿಗೊಂದು ಜಾಗ ಕೊಟ್ಟ ಲೇಖನಿ ಅದು ಎಂಬುದನ್ನೂ ಅಳಿಸಲಾರೆ.

1945ರಲ್ಲಿ ಬ್ರಿಟಿಷರು ಆಕೆಯನ್ನು ಕೆಲವು ತಿಂಗಳು ಶಿಬಿರದಲ್ಲಿಟ್ಟರು. ಆಮೇಲೆ ಬಾಂಬಿಗೆ ಉರುಳಿದ ಬರ್ಲಿನ್ನಿನ ಬೀದಿಗಳಲ್ಲಿ ಉಳಿದ ಹೆಂಗಸರ ಜೊತೆ ಸಾಲಿನಲ್ಲಿ ನಿಂತು ಇಟ್ಟಿಗೆ ಎತ್ತಿದಳು. 1954ರಲ್ಲಿ ತಾನೇ ಬರೆದ ಹಳೆಯ ಚಿತ್ರವೊಂದನ್ನು ನೋಡಲು ಅತಿಥಿಯಾಗಿ ಹೋದವಳು ಚಿತ್ರಮಂದಿರದಿಂದ ಹೊರಬರುವಾಗ ಬಿದ್ದಳು. ಜುಲೈ 1ರಂದು ಆಸ್ಪತ್ರೆಯಲ್ಲಿ ತೀರಿಕೊಂಡಳು.