ಸರಕಾರ ಹೆದರಿದ್ದು ನಾಡಭಾಷೆಗೆ

1878ರಲ್ಲಿ ವೈಸ್‌ರಾಯ್ ಲಿಟ್ಟನ್ ದೇಶಭಾಷಾ ಪತ್ರಿಕಾ ಕಾಯಿದೆಯನ್ನು ಜಾರಿಗೆ ತಂದನು. ಸರಕಾರದ ವಿರುದ್ಧ ದ್ವೇಷ ಹರಡುವುದಿಲ್ಲವೆಂದು ಮುದ್ರಕರಿಂದ ಮುಚ್ಚಳಿಕೆ ಬರೆಸಿಕೊಳ್ಳಬಹುದಿತ್ತು, ಮುದ್ರಣಯಂತ್ರವನ್ನೇ ವಶಪಡಿಸಿಕೊಳ್ಳಬಹುದಿತ್ತು. ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಗಲು ಅವಕಾಶವಿರಲಿಲ್ಲ.

ಆದರೆ ಗಮನಿಸಿ: ಇಂಗ್ಲಿಷ್ ಪತ್ರಿಕೆಗಳಿಗೆ ಈ ಕಾಯಿದೆ ಅನ್ವಯಿಸುತ್ತಿರಲಿಲ್ಲ! ಬಂಗಾಳಿಯಲ್ಲೂ ಬರುತ್ತಿದ್ದ ‘ಅಮೃತ ಬಜಾರ್ ಪತ್ರಿಕೆ’ ಸಂಪೂರ್ಣ ಇಂಗ್ಲಿಷಿಗೆ ಬದಲಾಗಿ ಪಾರಾಯಿತು.

ಈ ಭೇದವೇಕೆ? 1876-78ರ ಭೀಕರ ಬರಗಾಲಕ್ಕೆ ಮೈಸೂರು, ಮದರಾಸು ಪ್ರಾಂತಗಳಲ್ಲಿ ಲಕ್ಷಾಂತರ ಜನ ಬಲಿಯಾಗಿದ್ದರು. ಅದೇ ಅವಧಿಯಲ್ಲಿ, 1877ರಲ್ಲಿ, ದೆಹಲಿಯಲ್ಲಿ ವೈಭವದ ದರ್ಬಾರು ನಡೆಯಿತು. ಇಂಗ್ಲಿಷಿನಲ್ಲಿ ಬರೆದ ಟೀಕೆ ಬೆರಳೆಣಿಕೆಯ ವಿದ್ಯಾವಂತರಿಗೆ ತಲುಪುತ್ತಿತ್ತು. ನಾಡಭಾಷೆಯ ಪತ್ರಿಕೆಯನ್ನು ಒಬ್ಬ ಓದಿದರೆ ಅಕ್ಷರ ಬಾರದ ಹತ್ತು ಮಂದಿ ಕೇಳುತ್ತಿದ್ದರು. ಸರಕಾರಕ್ಕೆ ಭಯವಿದ್ದದ್ದು ಈ ಕೇಳುಗರದ್ದೇ.

ಈ ಭಯ ಹೊಸದೇನಲ್ಲ. ‘ದೆಹಲಿ ಉರ್ದು ಅಖ್ಬಾರ್’ ಸಂಪಾದಕ ಮೌಲವಿ ಮುಹಮ್ಮದ್ ಬಾಖರ್ ಅವರನ್ನು 1857ರಲ್ಲೇ ಬ್ರಿಟಿಷರು ಕೊಂದಿದ್ದರು. ರಿಪನ್‌ನ ಕಾಲದಲ್ಲಿ ಲಿಟ್ಟನ್‌ನ ಕಾಯಿದೆ ರದ್ದಾದರೂ ಭಯ ಹೋಗಲಿಲ್ಲ. ಮೌಲಾನಾ ಅಬುಲ್ ಕಲಾಂ ಆಝಾದ್ 1912ರಲ್ಲಿ ಕಲ್ಕತ್ತದಲ್ಲಿ ಆರಂಭಿಸಿದ ಉರ್ದು ವಾರಪತ್ರಿಕೆ ‘ಅಲ್ ಹಿಲಾಲ್’, 1910ರ ಪತ್ರಿಕಾ ಕಾಯಿದೆಯಡಿ ಠೇವಣಿ ಮುಟ್ಟುಗೋಲಾಗಿ 1914ರಲ್ಲಿ ನಿಂತಿತು.

ನಮ್ಮ ಮಕ್ಕಳು ಇಂಗ್ಲಿಷ್ ಕಲಿಯಲಿ, ಅದು ಅಗತ್ಯ. ಆದರೆ ಮನೆಯ ಹಿರಿಯರಿಗೆ ಓದಿ ಹೇಳಬಲ್ಲ ಒಂದು ಭಾಷೆಯೂ ಅವರ ನಾಲಿಗೆಯಲ್ಲಿರಲಿ. ಆಳುವವರು ಒಂದು ಕಾಲದಲ್ಲಿ ಅಂಜಿದ್ದು ಆ ಭಾಷೆಗೇ ಅಲ್ಲವೇ?